ಡಾ. ಸುಭಾಷ್ ಮುಖರ್ಜಿ: ತಜ್ಞರಲ್ಲದ ತಜ್ಞರ ಮುಂದೆ ನಿಂತ ವೈದ್ಯ

ಭಾರತದ ಮೊದಲ ಪ್ರನಾಳ ಶಿಶು ಯಾವುದು ಅಂತ ಕ್ವಿಜ್‌ನಲ್ಲಿ ಕೇಳಿದರೆ ಎರಡು ಉತ್ತರ ಬರುತ್ತವೆ. ಕೆಲವರು 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಮಗು ಅಂತಾರೆ. ಇನ್ನು ಕೆಲವರು 1978ರಲ್ಲಿ ಕೊಲ್ಕತ್ತಾದಲ್ಲಿ ಹುಟ್ಟಿದ ದುರ್ಗಾ ಅಂತಾರೆ. ಸರಿಯಾದ ಉತ್ತರ ಎರಡನೆಯದು. ಆದರೆ ಅದು ಸರಿ ಅಂತ ದೇಶ ಒಪ್ಪಿಕೊಳ್ಳೋ ಹೊತ್ತಿಗೆ, ಆ ಕೆಲಸ ಮಾಡಿದ ವೈದ್ಯರು ತೀರಿಕೊಂಡು ಹದಿನಾರು ವರ್ಷ ಕಳೆದಿತ್ತು. ಅವರ ಹೆಸರು ಡಾ. ಸುಭಾಷ್ ಮುಖರ್ಜಿ.

ಮುಖರ್ಜಿ ಹುಟ್ಟಿದ್ದು 1931ರ ಜನವರಿ 16ರಂದು, ಈಗಿನ ಜಾರ್ಖಂಡ್‌ನ ಹಜಾರಿಬಾಗ್‌ನಲ್ಲಿ. ತಂದೆಯೂ ವೈದ್ಯರೇ. ಮಗ ಕಲ್ಕತ್ತಾದ ನ್ಯಾಷನಲ್ ಮೆಡಿಕಲ್ ಕಾಲೇಜಿನಲ್ಲಿ 1955ರಲ್ಲಿ ಎಂಬಿಬಿಎಸ್ ಮುಗಿಸಿದರು. ಡಾಕ್ಟರ್ ಆದ ಮೇಲೆ ಕ್ಲಿನಿಕ್ ಹಾಕಿಕೊಂಡು ಆರಾಮಾಗಿ ಇರಬಹುದಿತ್ತು. ಆದರೆ ಇವರಿಗೆ ಹಿಡಿದಿದ್ದ ಹುಚ್ಚೇ ಬೇರೆ. ದೇಹ ಹೇಗೆ ಕೆಲಸ ಮಾಡುತ್ತೆ ಅನ್ನೋ ಶರೀರಕ್ರಿಯಾ ವಿಜ್ಞಾನದಲ್ಲಿ, ಅದರಲ್ಲೂ ಸಂತಾನೋತ್ಪತ್ತಿಯ ವಿಷಯದಲ್ಲಿ ಅವರಿಗೆ ಆಸಕ್ತಿ. 1958ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಒಂದು ಪಿಎಚ್‌ಡಿ ಪಡೆದರು. ಅದು ಸಾಲದು ಅಂತ ಸ್ಕಾಟ್ಲೆಂಡ್‌ಗೆ ಹೋಗಿ, 1967ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಿಂದ ಹಾರ್ಮೋನುಗಳ ಬಗ್ಗೆ ಇನ್ನೊಂದು ಪಿಎಚ್‌ಡಿ ಪಡೆದರು. ಅಲ್ಲೇ ಉಳಿಯದೆ ಊರಿಗೆ ವಾಪಸ್ ಬಂದು, ಎನ್‌ಆರ್‌ಎಸ್ ಮೆಡಿಕಲ್ ಕಾಲೇಜಿನಲ್ಲಿ, ಆಮೇಲೆ ಬಾಂಕುರಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದರು. ಸರ್ಕಾರಿ ಕೆಲಸ, ಸಾಧಾರಣ ಸಂಬಳ, ಸಂಶೋಧನೆಗೆ ಅಂತ ದೊಡ್ಡ ಅನುದಾನ ಏನಿಲ್ಲ.

ಅವರು ಕೈಗೆತ್ತಿಕೊಂಡ ಸಮಸ್ಯೆ ಇದು. ಹೆಣ್ಣಿನ ಅಂಡಾಶಯದಿಂದ ಬರುವ ಅಂಡಾಣು ಗರ್ಭನಾಳದ ದಾರಿಯಲ್ಲಿ ವೀರ್ಯಾಣುವಿನ ಜೊತೆ ಸೇರಿ ಭ್ರೂಣ ಆಗುತ್ತೆ. ಆ ನಾಳವೇ ಹಾಳಾಗಿದ್ದರೆ ಎರಡೂ ಸೇರುವುದೇ ಇಲ್ಲ. ಆಗಿನ ಕಾಲಕ್ಕೆ ಅಂಥ ಹೆಂಗಸರಿಗೆ ಹೆಚ್ಚಿನ ಉಪಾಯ ಇರಲಿಲ್ಲ. ಮನೆಯವರ ಚುಚ್ಚುಮಾತು, ಹರಕೆ, ಉಪವಾಸ ಮಾತ್ರ ಇದ್ದವು. ಅಂಡಾಣುವನ್ನು ಹೊರಗೆ ತೆಗೆದು, ಗಾಜಿನ ತಟ್ಟೆಯಲ್ಲಿ ವೀರ್ಯಾಣುವಿನ ಜೊತೆ ಸೇರಿಸಿ, ಬೆಳೆದ ಭ್ರೂಣವನ್ನು ಮತ್ತೆ ಗರ್ಭಕೋಶದಲ್ಲಿ ಇಡೋದೇ ಇದಕ್ಕೆ ಪರಿಹಾರ. ನಾವು ಐವಿಎಫ್ ಅನ್ನೋದು ಇದಕ್ಕೇ. ಇಂಗ್ಲೆಂಡಿನಲ್ಲಿ ರಾಬರ್ಟ್ ಎಡ್ವರ್ಡ್ಸ್ ಮತ್ತು ಪ್ಯಾಟ್ರಿಕ್ ಸ್ಟೆಪ್ಟೋ ಇದೇ ಗುರಿಯ ಹಿಂದೆ ವರ್ಷಗಟ್ಟಲೆ ಬಿದ್ದಿದ್ದರು.

ಮುಖರ್ಜಿಯವರ ತಂಡದಲ್ಲಿ ಇದ್ದವರು ಮೂರೇ ಜನ. ಒಬ್ಬರು ಅವರೇ. ಇನ್ನೊಬ್ಬರು ಸ್ತ್ರೀರೋಗ ತಜ್ಞ ಡಾ. ಸರೋಜ್ ಕಾಂತಿ ಭಟ್ಟಾಚಾರ್ಯ. ಮೂರನೆಯವರ ಬಗ್ಗೆ ಕೇಳಿದರೆ ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಖುಷಿಯಾಗಬೇಕು. ಅವರು ಸುನಿತ್ ಮುಖರ್ಜಿ, ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಆಹಾರ ತಂತ್ರಜ್ಞಾನದ ಪ್ರೊಫೆಸರ್. ಜೀವಕೋಶಗಳನ್ನು ಕೆಡದ ಹಾಗೆ ಶೀತಲೀಕರಿಸೋ ವಿದ್ಯೆ ಅವರಿಗೆ ಗೊತ್ತಿತ್ತು. ಈ ಮೂವರು ಮಾಡಿದ ಕೆಲಸ ಇಂಗ್ಲೆಂಡಿನವರು ಮಾಡಿದ್ದರ ನಕಲು ಅಲ್ಲ. ಮೂರು ಕಡೆ ಅವರ ದಾರಿ ಬೇರೆಯೇ ಆಗಿತ್ತು.

ಮೊದಲನೆಯದು, ಅಂಡಾಣುಗಳ ಸಂಖ್ಯೆ. ಸ್ವಾಭಾವಿಕವಾಗಿ ತಿಂಗಳಿಗೆ ಸಾಮಾನ್ಯವಾಗಿ ಒಂದೇ ಅಂಡಾಣು ಪಕ್ವವಾಗುತ್ತೆ. ಎಡ್ವರ್ಡ್ಸ್ ಮತ್ತು ಸ್ಟೆಪ್ಟೋ ಗೆದ್ದಿದ್ದು ಹಾಗೆ ಸಿಕ್ಕ ಒಂದು ಅಂಡಾಣುವಿನಿಂದ. ಮುಖರ್ಜಿ ಹಾರ್ಮೋನ್ ಇಂಜೆಕ್ಷನ್ ಕೊಟ್ಟು, ಒಂದೇ ಸಲಕ್ಕೆ ಹಲವು ಅಂಡಾಣು ಪಕ್ವವಾಗೋ ಹಾಗೆ ಮಾಡಿದರು. ಎರಡನೆಯದು, ಅಂಡಾಣುವನ್ನು ತೆಗೆದ ದಾರಿ. ಇಂಗ್ಲೆಂಡಿನಲ್ಲಿ ಹೊಟ್ಟೆಗೆ ರಂಧ್ರ ಮಾಡಿ ಲ್ಯಾಪ್ರೋಸ್ಕೋಪ್ ಇಳಿಸಿದರು. ಇವರು ಹೊಟ್ಟೆಯ ತಂಟೆಗೆ ಹೋಗದೆ ಯೋನಿಮಾರ್ಗದಿಂದಲೇ ತೆಗೆದರು.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಹಾರ್ಮೋನ್ ಕೊಟ್ಟ ತಿಂಗಳಲ್ಲಿ ಗರ್ಭಕೋಶದ ಒಳಪದರ ಭ್ರೂಣವನ್ನು ಹಿಡಿದುಕೊಳ್ಳೋಕೆ ಸರಿಯಾಗಿ ತಯಾರಿರಲ್ಲ. ಹಾಗಾಗಿ ಭ್ರೂಣವನ್ನು ತಕ್ಷಣ ಒಳಗಿಡದೆ, ಶೀತಲೀಕರಿಸಿ ಕಾಯೋಣ, ದೇಹ ಸಹಜ ಸ್ಥಿತಿಗೆ ಬಂದ ಮೇಲೆ ಇಡೋಣ ಅನ್ನೋದು ಮುಖರ್ಜಿಯವರ ಲೆಕ್ಕ. ಹೇಳೋದು ಸುಲಭ. ಜೀವಕೋಶದ ತುಂಬ ನೀರಿರುತ್ತೆ. ನೀರು ಹೆಪ್ಪುಗಟ್ಟಿದರೆ ಚೂಪಾದ ಹರಳಾಗಿ ಕೋಶವನ್ನೇ ಸೀಳಿಹಾಕುತ್ತೆ. ಇದನ್ನು ತಪ್ಪಿಸೋಕೆ ಡಿಎಂಎಸ್‌ಒ ಅನ್ನೋ ದ್ರಾವಣ ಬಳಸಿದರು. ಅದು ಕೋಶದೊಳಗೆ ಹೋಗಿ ಹರಳು ಕಟ್ಟದ ಹಾಗೆ ತಡೆಯುತ್ತೆ. ಹೀಗೆ ಆ ಭ್ರೂಣ 53 ದಿನ ಶೀತಲ ಸ್ಥಿತಿಯಲ್ಲಿತ್ತು. ಆಮೇಲೆ ಅದನ್ನು ಸಹಜ ಉಷ್ಣತೆಗೆ ತಂದು ತಾಯಿಯ ಗರ್ಭಕೋಶದಲ್ಲಿಟ್ಟರು. ಇದೆಲ್ಲಾ ನಡೆದದ್ದು ಲೋಡ್ ಶೆಡ್ಡಿಂಗ್‌ಗೆ ಹೆಸರಾಗಿದ್ದ ಎಪ್ಪತ್ತರ ದಶಕದ ಕಲ್ಕತ್ತಾದಲ್ಲಿ.

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. ಅದಾಗಿ ಸರಿಯಾಗಿ 70 ದಿನಕ್ಕೆ, ಅಕ್ಟೋಬರ್ 3ರಂದು, ಕಲ್ಕತ್ತಾದಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ನವರಾತ್ರಿ ಶುರುವಾಗೋ ಹೊತ್ತಾಗಿದ್ದರಿಂದ ಮಗುವಿಗೆ ದುರ್ಗಾ ಅಂತ ಹೆಸರಾಯಿತು. ಜಗತ್ತಿನಲ್ಲಿ ಎರಡನೆಯ ಪ್ರನಾಳ ಶಿಶು, ಶೀತಲೀಕರಿಸಿದ ಭ್ರೂಣದಿಂದ ಹುಟ್ಟಿದ್ದರಲ್ಲಿ ಮೊದಲನೆಯದು.

ಇಂಥ ಸುದ್ದಿಗೆ ಸನ್ಮಾನ ಆಗಬೇಕಿತ್ತು. ಆಗಿದ್ದು ವಿಚಾರಣೆ. ಮುಖರ್ಜಿ ಅಕ್ಟೋಬರ್‌ನಲ್ಲೇ ತಮ್ಮ ಕೆಲಸದ ವರದಿಯನ್ನು ರಾಜ್ಯದ ಆರೋಗ್ಯ ಇಲಾಖೆಗೆ ಕೊಟ್ಟಿದ್ದರು. ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ ಪಶ್ಚಿಮ ಬಂಗಾಳ ಸರ್ಕಾರ ಒಂದು ತಜ್ಞರ ಸಮಿತಿ ಮಾಡಿತು. ನವೆಂಬರ್ 18ರಂದು ಸಮಿತಿ ಕೂತಿತು. ಅದರ ಮುಖ್ಯಸ್ಥರು ರೇಡಿಯೋ ಭೌತವಿಜ್ಞಾನದವರು. ಉಳಿದ ಸದಸ್ಯರಲ್ಲಿ ಒಬ್ಬ ಸ್ತ್ರೀರೋಗ ತಜ್ಞರೂ ಇದ್ದರು, ನರಗಳ ಶರೀರಕ್ರಿಯೆ ಓದಿದವರೂ ಇದ್ದರು. ಅವರವರ ವಿಷಯದಲ್ಲಿ ಎಲ್ಲರೂ ತಿಳಿದವರೇ ಇರಬಹುದು. ಆದರೆ ದೇಹದ ಹೊರಗೆ ಭ್ರೂಣ ಬೆಳೆಸೋ ಕೆಲಸವನ್ನು ಕೈಯಾರೆ ಮಾಡಿದವರು ಅಲ್ಲಿ ಒಬ್ಬರೂ ಇರಲಿಲ್ಲ. ಮುಖರ್ಜಿ ಹೇಳಿದ್ದೆಲ್ಲಾ ನಂಬೋ ಹಾಗಿಲ್ಲ ಅಂತ ಸಮಿತಿ ತೀರ್ಮಾನ ಕೊಟ್ಟಿತು.

ಅವರಿಗಿದ್ದ ಇನ್ನೊಂದು ಕಷ್ಟ ಮಗುವಿನ ಮನೆಯವರದು. ಮಗಳು ಹೀಗೆ ಹುಟ್ಟಿದವಳು ಅಂತ ಊರಿಗೆಲ್ಲಾ ಗೊತ್ತಾದರೆ ನಾಳೆ ಅವಳ ಗತಿ ಏನು ಅನ್ನೋ ಭಯ ಅವರಿಗೆ. ಬಂಜೆತನದ ಮಾತೇ ಗುಟ್ಟಾಗಿದ್ದ ಕಾಲ ಅದು. ಅವರು ಮುಂದೆ ಬರಲಿಲ್ಲ, ಮುಖರ್ಜಿಯೂ ಅವರನ್ನು ಎಳೆದು ತರಲಿಲ್ಲ. ಕಣ್ಣೆದುರಿಗಿದ್ದ ಜೀವಂತ ಸಾಕ್ಷಿಯನ್ನು ಬಿಟ್ಟು, ಬರೀ ಕಾಗದ ಹಿಡಿದು ವಾದ ಮಾಡಬೇಕಾಯಿತು.

ಸುಮ್ಮನೆ ಕೂರೋ ಜಾಯಮಾನ ಅವರದಲ್ಲ. ಇಂಡಿಯನ್ ಜರ್ನಲ್ ಆಫ್ ಕ್ರಯೋಜೆನಿಕ್ಸ್ ಪತ್ರಿಕೆಯಲ್ಲಿ ಮೂವರೂ ಸೇರಿ ಒಂದು ಚಿಕ್ಕ ಲೇಖನ ಪ್ರಕಟಿಸಿದರು. ಮನುಷ್ಯ ಭ್ರೂಣದ ಇಷ್ಟು ದೊಡ್ಡ ಸುದ್ದಿ ಬಂದಿದ್ದು ಶೈತ್ಯ ತಂತ್ರಜ್ಞಾನದ ಪತ್ರಿಕೆಯಲ್ಲಿ! ಜಗತ್ತಿನ ವೈದ್ಯರು ಅದನ್ನು ಓದಬೇಕಲ್ಲ? 1979ರಲ್ಲಿ ಜಪಾನಿನ ಕ್ಯೋಟೋದಿಂದ ತಮ್ಮ ಕೆಲಸದ ಬಗ್ಗೆ ಮಾತಾಡೋಕೆ ಕರೆ ಬಂತು. ಸರ್ಕಾರಿ ನೌಕರರಾದ್ದರಿಂದ ಅನುಮತಿ ಬೇಕಿತ್ತು. ಅದು ಸಿಗಲಿಲ್ಲ. ತಮ್ಮ ಕೆಲಸವನ್ನು ನಿಜವಾಗಿ ಅರ್ಥಮಾಡಿಕೊಳ್ಳಬಲ್ಲವರ ಎದುರು ನಿಲ್ಲೋ ಅವಕಾಶ ಹೀಗೆ ತಪ್ಪಿತು. ಕೊನೆಗೆ 1981ರ ಜೂನ್‌ನಲ್ಲಿ ಅವರನ್ನು ಕಲ್ಕತ್ತಾದ ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. ಜೀವನವಿಡೀ ಹಾರ್ಮೋನು, ಅಂಡಾಣು ಅಂತ ದುಡಿದವರಿಗೆ ಅಲ್ಲಿ ಸಿಕ್ಕಿದ್ದು ಎಲೆಕ್ಟ್ರೋಫಿಸಿಯಾಲಜಿಯ ಹುದ್ದೆ. ಅದೇ ಜೂನ್ 19ರಂದು ಅವರು ತಮ್ಮ ಮನೆಯಲ್ಲಿ ಜೀವ ಕಳೆದುಕೊಂಡರು. ಆಗ ಅವರಿಗೆ ಐವತ್ತು ವರ್ಷ. ಮಕ್ಕಳಿರಲಿಲ್ಲ. ಪತ್ನಿ ನಮಿತಾ ಒಬ್ಬರೇ ಉಳಿದರು.

ಅವರು ಹೋದ ಮೇಲೆ ಜಗತ್ತು ಅದೇ ದಾರಿಗೆ ಬಂತು. 1983ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಶೀತಲೀಕರಿಸಿದ ಭ್ರೂಣದಿಂದ ಗರ್ಭ ನಿಂತದ್ದನ್ನು ಪ್ರಕಟಿಸಿದರು. ಹಾರ್ಮೋನ್ ಕೊಟ್ಟು ಹಲವು ಅಂಡಾಣು ಪಡೆಯೋದು, ಯೋನಿಮಾರ್ಗದಿಂದ ತೆಗೆಯೋದು, ಭ್ರೂಣವನ್ನು ಶೀತಲೀಕರಿಸಿ ಮುಂದಿನ ತಿಂಗಳುಗಳಲ್ಲಿ ಇಡೋದು ಇವತ್ತು ಬೆಂಗಳೂರಿನ ಐವಿಎಫ್ ಕೇಂದ್ರಗಳಲ್ಲೂ ದಿನನಿತ್ಯದ ಕೆಲಸ.

ಅವರ ಹೆಸರು ವಾಪಸ್ ಬಂದ ಕತೆಯಲ್ಲಿ ಇನ್ನೊಬ್ಬ ದೊಡ್ಡ ಮನುಷ್ಯರಿದ್ದಾರೆ, ಡಾ. ಟಿ.ಸಿ. ಆನಂದ ಕುಮಾರ್. 1986ರ ಆಗಸ್ಟ್ 6ರಂದು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಹಿಂದೆ ಡಾ. ಇಂದಿರಾ ಹಿಂದುಜಾ ಜೊತೆ ದುಡಿದ ವಿಜ್ಞಾನಿ ಇವರೇ. ಮೊದಲಿಗರು ಅನ್ನೋ ಕಿರೀಟ ಇದ್ದದ್ದು ಇವರ ತಂಡದ ತಲೆಯ ಮೇಲೆ. ನಿವೃತ್ತಿಯ ನಂತರ ಅವರು ಬೆಂಗಳೂರಿನಲ್ಲಿ ನೆಲೆಸಿದ್ದರು. 1997ರಲ್ಲಿ ಒಂದು ಸಮ್ಮೇಳನಕ್ಕೆ ಅಂತ ಕೊಲ್ಕತ್ತಾಗೆ ಹೋದಾಗ ಮುಖರ್ಜಿಯವರ ಕೈಬರಹದ ಟಿಪ್ಪಣಿಗಳು ಅವರ ಕೈಗೆ ಬಂದವು. ಸಾಲುಸಾಲಾಗಿ ಓದಿದರು, ದುರ್ಗಾಳ ತಂದೆತಾಯಿಯನ್ನು ಮಾತಾಡಿಸಿದರು. ವಿಷಯ ಬಲ್ಲವರೊಬ್ಬರು ಈ ಕೆಲಸವನ್ನು ಕೂತು ಪರೀಕ್ಷೆ ಮಾಡಿದ್ದು ಆಗ. ಮುಖರ್ಜಿ ಹೇಳಿದ್ದು ನಿಜ ಅಂತ ಅವರಿಗೆ ಮನವರಿಕೆಯಾಯಿತು. ಬೆಂಗಳೂರಿನಿಂದ ಬರುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅದನ್ನು ಬರೆದು, ಮೊದಲಿಗರು ತಾವಲ್ಲ, ಮುಖರ್ಜಿ ಅಂತ ಸಾರಿದರು. ತಮ್ಮ ಕಿರೀಟ ತೆಗೆದು, ಹದಿನಾರು ವರ್ಷದ ಹಿಂದೆ ಸತ್ತವರ ತಲೆಗಿಡೋದು ಸಣ್ಣ ಮಾತಲ್ಲ.

ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಒಪ್ಪಿಕೊಂಡಿತು. ತನ್ನ 25ನೇ ಹುಟ್ಟುಹಬ್ಬದ ಹೊತ್ತಿಗೆ, 2003ರಲ್ಲಿ, ದುರ್ಗಾ ತಾನೇ ಜನರ ಮುಂದೆ ಬಂದಳು. ಇದಕ್ಕೂ ಮೊದಲೇ ತಪನ್ ಸಿನ್ಹಾ ಅವರ ಹಿಂದಿ ಸಿನಿಮಾ 'ಏಕ್ ಡಾಕ್ಟರ್ ಕೀ ಮೌತ್' ಮುಖರ್ಜಿಯವರ ಬದುಕಿನ ನೆರಳಲ್ಲಿ ಬಂದಿತ್ತು. ಅದರಲ್ಲಿ ಕಾಯಿಲೆಯ ಹೆಸರು ಬೇರೆ, ಕುಷ್ಠರೋಗದ ಲಸಿಕೆ ಅಂತ ಬದಲಾಯಿಸಿದ್ದಾರೆ. ಪಂಕಜ್ ಕಪೂರ್ ಅವರ ನಟನೆಗಾದರೂ ಒಂದು ಸಲ ನೋಡಿ. 2010ರಲ್ಲಿ ಎಡ್ವರ್ಡ್ಸ್‌ಗೆ ನೊಬೆಲ್ ಬಂತು. ನೊಬೆಲ್ ತೀರಿಹೋದವರಿಗೆ ಕೊಡೋದಿಲ್ಲ.

ಹೊಸದನ್ನು ಯಾರೇ ಹೇಳಿದರೂ ಕಣ್ಣುಮುಚ್ಚಿ ನಂಬಬೇಕು ಅಂತ ಈ ಕತೆಯ ಅರ್ಥ ಅಲ್ಲ. ಅನುಮಾನ ಪಡೋದು ವಿಜ್ಞಾನದ ಕೆಲಸವೇ. ಆದರೆ ಅನುಮಾನ ಪಡೋಕೂ ವಿಷಯ ಗೊತ್ತಿರಬೇಕು. ಸಮಿತಿ 1978ರಲ್ಲಿ ಅನುಮಾನಪಟ್ಟಿತು, ಆನಂದ ಕುಮಾರ್ 1997ರಲ್ಲಿ ಪರೀಕ್ಷೆ ಮಾಡಿದರು. ಇಬ್ಬರ ನಡುವಿನ ವ್ಯತ್ಯಾಸ ಅಷ್ಟೇ. ಇನ್ನೊಂದು ಮಾತು ನಮಗೇ. ಕೊನೆಗೆ ಮುಖರ್ಜಿಯವರ ಪರವಾಗಿ ಸಾಕ್ಷಿ ಹೇಳಿದ್ದು ಅವರೇ ಕೈಯಲ್ಲಿ ಬರೆದಿಟ್ಟ ಟಿಪ್ಪಣಿಗಳು. ಮುಂದಿನ ಸಲ ಪಕ್ಕದವರ ಲ್ಯಾಬ್ ರೆಕಾರ್ಡ್ ನೋಡಿ ರೀಡಿಂಗ್ ಇಳಿಸಿಕೊಳ್ಳೋವಾಗ ಇದು ನೆನಪಿಗೆ ಬಂದರೆ ಸಾಕು.