ಹುಂಜದ ಗುರುತಿನ ಸಿನಿಮಾ ಕಂಪನಿ ಕಟ್ಟಿದ ಚಾರ್ಲ್ಸ್ ಪಾಥೆ

ಸಿನಿಮಾ ಎಂದೊಡನೆ ನಮಗೆ ನೆನಪಾಗುವುದು ನಟ ನಟಿಯರು, ಹಾಡು, ಹೊಡೆದಾಟ. ಚಿತ್ರವೊಂದು ಸ್ಟುಡಿಯೋದಿಂದ ಹೊರಟು ನಮ್ಮೂರಿನ ಟಾಕೀಸಿಗೆ ಹೇಗೆ ಬಂದು ಮುಟ್ಟುತ್ತದೆ ಎಂದು ಯೋಚಿಸುವವರು ಕಡಿಮೆ. ಆ ದಾರಿಯನ್ನು ನೂರು ವರ್ಷಗಳಿಗೂ ಹಿಂದೆ ಹಾಕಿಕೊಟ್ಟವರಲ್ಲಿ ಮೊದಲಿಗರು ಫ್ರಾನ್ಸ್ ದೇಶದ ಚಾರ್ಲ್ಸ್ ಪಾಥೆ. ಅವರು ನಟರಲ್ಲ, ನಿರ್ದೇಶಕರಲ್ಲ, ವಿಜ್ಞಾನಿಯೂ ಅಲ್ಲ. ಅಪ್ಪಟ ವ್ಯಾಪಾರಿ.

ಚಾರ್ಲ್ಸ್ ಹುಟ್ಟಿದ್ದು 1863ರ ಡಿಸೆಂಬರ್ 26ರಂದು, ಪ್ಯಾರಿಸ್ಸಿನ ಪೂರ್ವಕ್ಕಿರುವ ಒಂದು ಹಳ್ಳಿಯಲ್ಲಿ. ತಂದೆ ತಾಯಿ ಮಾಂಸದ ಅಂಗಡಿ ನಡೆಸುತ್ತಿದ್ದರು. ಹುಡುಗನೂ ಚಿಕ್ಕ ವಯಸ್ಸಿನಲ್ಲೇ ಅದೇ ಕಸುಬು ಕಲಿಯಲು ಹೊರಟ. ಆದರೆ ಅವನ ಮನಸ್ಸು ಅಲ್ಲಿ ನಿಲ್ಲಲಿಲ್ಲ. 1889ರಲ್ಲಿ ಹಡಗು ಹತ್ತಿ ದಕ್ಷಿಣ ಅಮೆರಿಕಕ್ಕೆ ಹೋದ. ಅಲ್ಲಿ ಕೈ ಸುಟ್ಟುಕೊಂಡು ಬರಿಗೈಯಲ್ಲಿ ಊರಿಗೆ ಮರಳಿದ. ಹೊಟ್ಟೆಪಾಡಿಗಾಗಿ ಹುಟ್ಟೂರು ಬಿಟ್ಟು ಬಂದಿರುವ ನಮ್ಮಂಥವರಿಗೆ ಹಾಗೆ ಮರಳುವ ಸಂಕಟ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಮೂವತ್ತು ದಾಟಿದರೂ ಕೈಗೆ ಒಂದು ಗಟ್ಟಿ ಕೆಲಸವಿರಲಿಲ್ಲ. ಅಂಥ ಹೊತ್ತಿನಲ್ಲಿ, 1894ರಲ್ಲಿ, ವಾಂಸೆನ್ ಎಂಬ ಊರಿನ ಜಾತ್ರೆಯಲ್ಲಿ ಅವರು ಎಡಿಸನ್ನರ ಫೋನೋಗ್ರಾಫ್ ನೋಡಿದರು. ಮಾತನ್ನೂ ಹಾಡನ್ನೂ ಹಿಡಿದಿಟ್ಟು ಮತ್ತೆ ಕೇಳಿಸುವ ಆ ಪೆಟ್ಟಿಗೆಯ ಸುತ್ತ ಜನ ಮುಗಿಬಿದ್ದಿದ್ದರು. ಚಾರ್ಲ್ಸ್ ಸಾಲ ಮಾಡಿ ಅಂಥದೊಂದು ಯಂತ್ರ ಕೊಂಡರು. ಹೆಂಡತಿ ಮರಿಯೊಂದಿಗೆ ಜಾತ್ರೆಗೆ ಹೋಗಿ, ಕೇಳಲು ಬಂದವರಿಂದ ಕಾಸು ಪಡೆದರು. ಗಳಿಕೆ ಚೆನ್ನಾಗಿಯೇ ಆಯಿತು. ಆದರೆ ಅವರ ಕಣ್ಣು ಅಷ್ಟಕ್ಕೇ ನಿಲ್ಲಲಿಲ್ಲ. ಊರೂರು ತಿರುಗಿ ಯಂತ್ರ ಕೇಳಿಸುವುದಕ್ಕಿಂತ, ತನ್ನಂತೆ ತಿರುಗುವವರಿಗೆ ಯಂತ್ರ ಮಾರುವುದು ಮೇಲೆಂದು ಅಂಗಡಿಯನ್ನೇ ತೆರೆದರು.

ಮರುವರ್ಷ ಲಂಡನ್ನಿಗೆ ಹೋದಾಗ, ಪೆಟ್ಟಿಗೆಯೊಳಗೆ ಇಣುಕಿ ಚಲಿಸುವ ಚಿತ್ರ ನೋಡುವ ಕಿನೆಟೋಸ್ಕೋಪ್ ಯಂತ್ರ ಕಂಡರು. ಎಡಿಸನ್ನರು ಅದಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದಿರಲಿಲ್ಲ. ರಾಬರ್ಟ್ ಪಾಲ್ ಎಂಬ ತಂತ್ರಜ್ಞರು ಅದರ ನಕಲುಗಳನ್ನು ತಯಾರಿಸುತ್ತಿದ್ದರು. ಚಾರ್ಲ್ಸ್ ಅವನ್ನು ತಂದು ಮಾರಿದರು. ಅದೇ 1895ರ ಡಿಸೆಂಬರಿನಲ್ಲಿ ಲೂಮಿಯೆರ್ ಸಹೋದರರು ಪ್ಯಾರಿಸ್ಸಿನಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿ ಹೆಸರಾದರು. 1896ರಲ್ಲಿ ಚಾರ್ಲ್ಸ್ ತಮ್ಮ ಸಹೋದರರೊಡನೆ ಸೇರಿ ಪಾಥೆ ಫ್ರೇರ್, ಅಂದರೆ ಪಾಥೆ ಸಹೋದರರು, ಎಂಬ ಕಂಪನಿ ಆರಂಭಿಸಿದರು. ಕೊನೆಯವರೆಗೆ ಜೊತೆ ನಿಂತವರು ಅಣ್ಣ ಎಮಿಲ್. ಅಣ್ಣ ಫೋನೋಗ್ರಾಫ್ ನೋಡಿಕೊಂಡರು, ತಮ್ಮ ಸಿನಿಮಾ ನೋಡಿಕೊಂಡರು.

1897ರ ಮೇ ತಿಂಗಳಲ್ಲಿ ಒಂದು ದೊಡ್ಡ ದುರಂತ ನಡೆಯಿತು. ಪ್ಯಾರಿಸ್ಸಿನ ಒಂದು ದಾನಮೇಳದಲ್ಲಿ ಚಿತ್ರ ತೋರಿಸುವ ಯಂತ್ರದ ದೀಪದಿಂದ ಬೆಂಕಿ ಹತ್ತಿ ನೂರಿಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಸಿನಿಮಾ ಎಂದರೆ ಜನ ಹೆದರುವಂತಾಯಿತು. ಆದರೆ ಅದೇ ವರ್ಷದ ಕೊನೆಯಲ್ಲಿ ಚಾರ್ಲ್ಸ್ ಶ್ರೀಮಂತ ಹೂಡಿಕೆದಾರರನ್ನು ಒಪ್ಪಿಸಿ, ಹತ್ತು ಲಕ್ಷ ಫ್ರಾಂಕ್ ಬಂಡವಾಳದ ಷೇರು ಕಂಪನಿ ಮಾಡಿದರು. ಬೇರೆಯವರು ಹಿಂದೆ ಸರಿಯುವಾಗ ಮುಂದೆ ಹೆಜ್ಜೆಯಿಡುವುದು ಅವರ ಸ್ವಭಾವವಾಗಿತ್ತು.

ಆಮೇಲಿನ ಬೆಳವಣಿಗೆ ನೋಡಿ. 1902ರಲ್ಲಿ ಲೂಮಿಯೆರ್ ಸಹೋದರರ ಪೇಟೆಂಟುಗಳನ್ನು ಕೊಂಡರು. ವಾಂಸೆನ್ನಿನಲ್ಲಿ ಸ್ಟುಡಿಯೋ ಎದ್ದಿತು. ಫರ್ಡಿನಾಂಡ್ ಜೆಕ್ಕಾ ಚಿತ್ರ ತಯಾರಿಕೆಯ ಹೊಣೆ ಹೊತ್ತರು. ಹಾಸ್ಯನಟ ಮ್ಯಾಕ್ಸ್ ಲಿಂಡರ್ ಪಾಥೆ ಚಿತ್ರಗಳಿಂದಲೇ ಜಗತ್ಪ್ರಸಿದ್ಧರಾದರು. ಕಪ್ಪುಬಿಳುಪಿನ ಫಿಲ್ಮಿಗೆ ಅಚ್ಚು ಕತ್ತರಿಸಿ ಬಣ್ಣ ತುಂಬುವ ಕೆಲಸದಲ್ಲಿ ಎಷ್ಟೋ ಹೆಣ್ಣುಮಕ್ಕಳು ದುಡಿಯುತ್ತಿದ್ದರು. ಕ್ಯಾಮೆರಾ, ಪ್ರೊಜೆಕ್ಟರ್, ಚಿತ್ರ, ಚಿತ್ರಮಂದಿರ ಎಲ್ಲವೂ ಒಂದೇ ಕಂಪನಿಯವು! ಅವುಗಳ ಮೇಲೆ ಫ್ರಾನ್ಸಿನ ಹುಂಜದ ಗುರುತು. ಲಂಡನ್, ನ್ಯೂಯಾರ್ಕ್, ಮಾಸ್ಕೋಗಳಲ್ಲಿ ಶಾಖೆಗಳು ತೆರೆದವು. ನಮ್ಮ ದೇಶಕ್ಕೂ ಆ ಹುಂಜ ಬಂತು. 1902ರಲ್ಲಿ ಕಲ್ಕತ್ತೆಯ ಮೈದಾನದಲ್ಲಿ ಡೇರೆ ಹಾಕಿ ಬಯೋಸ್ಕೋಪ್ ತೋರಿಸಿದ ಜೆ. ಎಫ್. ಮದನ್ ಬಳಸಿದ್ದು ಪಾಥೆಯಿಂದ ಕೊಂಡ ಸಲಕರಣೆಗಳನ್ನೇ.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಆಗ ಚಿತ್ರಗಳನ್ನು ಬಟ್ಟೆಯಂತೆ ಮೀಟರ್ ಲೆಕ್ಕದಲ್ಲಿ ಮಾರುತ್ತಿದ್ದರು. ಜಾತ್ರೆಯವನು ಒಮ್ಮೆ ರೀಲು ಕೊಂಡರೆ ಅದು ಹರಿದು ಚಿಂದಿಯಾಗುವವರೆಗೂ ತೋರಿಸುತ್ತಿದ್ದ, ಆಮೇಲೆ ಇನ್ನೊಬ್ಬನಿಗೆ ಮಾರುತ್ತಿದ್ದ. ನೋಡುವವರಿಗೆ ಮಸುಕು ಚಿತ್ರ, ತಯಾರಿಸಿದವರಿಗೆ ಒಂದೇ ಸಲದ ಗಳಿಕೆ. 1907ರಲ್ಲಿ ಚಾರ್ಲ್ಸ್ ಈ ಪದ್ಧತಿಯನ್ನೇ ಬದಲಾಯಿಸಿದರು. ಇನ್ನು ಮುಂದೆ ಚಿತ್ರಗಳು ಮಾರಾಟಕ್ಕಿಲ್ಲ, ಬಾಡಿಗೆಗೆ ಮಾತ್ರ! ತೋರಿಸಿ ಮುಗಿದ ಮೇಲೆ ರೀಲು ವಾಪಸ್ಸು ಬರಬೇಕು. ಇದರಿಂದ ಚಿತ್ರಮಂದಿರಗಳಲ್ಲಿ ಆಗಾಗ ಹೊಸ ಚಿತ್ರಗಳು ಬಂದವು. ಆದರೆ ಸ್ವಂತ ರೀಲು ಹೊತ್ತು ಊರೂರು ತಿರುಗುತ್ತಿದ್ದ ಜಾತ್ರೆಯವರ ಬದುಕಿಗೆ ಪೆಟ್ಟು ಬಿತ್ತು. ಒಂದು ಕಾಲದಲ್ಲಿ ಚಾರ್ಲ್ಸ್ ತಾವೇ ಅಂಥ ಜಾತ್ರೆಯವರಾಗಿದ್ದರು ಎಂಬುದನ್ನು ನೆನೆದರೆ ಮನಸ್ಸಿಗೆ ಒಂದು ಬಗೆಯಾಗುತ್ತದೆ. ಬೆಂಗಳೂರಿನ ಗಾಂಧಿನಗರದ ವಿತರಕರು ರೀಲುಗಳ ಕಾಲದಲ್ಲಿ ಟಾಕೀಸುಗಳಿಗೆ ಪ್ರಿಂಟ್ ಕೊಟ್ಟು ಹಿಂದಕ್ಕೆ ಪಡೆಯುತ್ತಿದ್ದ ಕ್ರಮವೂ ಇದೇ ಜಾತಿಯದು.

ಇನ್ನೊಬ್ಬರ ಕಥೆಯನ್ನೂ ಇಲ್ಲಿ ಹೇಳಲೇಬೇಕು. ಚಂದ್ರಲೋಕಕ್ಕೆ ಹೋಗುವ ಚಿತ್ರ ಮಾಡಿ ಜಗತ್ತನ್ನೇ ಬೆರಗುಗೊಳಿಸಿದ್ದ ಜಾರ್ಜ್ ಮೆಲಿಯೆ 1911ರಲ್ಲಿ ಪಾಥೆಯಿಂದ ಹಣ ಪಡೆದು ಆಸ್ತಿಯನ್ನು ಅಡವಿಟ್ಟರು. ಅವರ ಹೊಸ ಚಿತ್ರಗಳು ಓಡಲಿಲ್ಲ. 1923ರಲ್ಲಿ ಸ್ಟುಡಿಯೋ ಕೈಬಿಟ್ಟಿತು. ನೊಂದ ಮೆಲಿಯೆ ತಮ್ಮ ನೆಗೆಟಿವ್‌ಗಳನ್ನು ತಾವೇ ಸುಟ್ಟರು. ಆಮೇಲೆ ರೈಲು ನಿಲ್ದಾಣವೊಂದರಲ್ಲಿ ಆಟಿಕೆ ಮಾರಿ ಜೀವನ ಸಾಗಿಸಿದರು. ಸಾಲದ ಲೆಕ್ಕ ಕಾಗದದಲ್ಲಿ ಸರಿಯಿದ್ದಿರಬಹುದು. ಆದರೆ ಸಿನಿಮಾ ಕಲೆ ಕಳೆದುಕೊಂಡದ್ದು ಯಾವ ಲೆಕ್ಕದ ಪುಸ್ತಕಕ್ಕೂ ಸಿಗುವಂಥದ್ದಲ್ಲ.

1914ರಲ್ಲಿ ಮೊದಲ ಮಹಾಯುದ್ಧ ಬಂತು. ಕೆಲಸಗಾರರು ಸೈನ್ಯಕ್ಕೆ ಹೋದರು, ಯೂರೋಪಿನ ಮಾರುಕಟ್ಟೆ ಕುಸಿಯಿತು. ಅಮೆರಿಕದಲ್ಲಿ ಪಾಥೆಯ ಧಾರಾವಾಹಿ ಚಿತ್ರಗಳು ಚೆನ್ನಾಗಿ ಓಡಿದರೂ, ಯುದ್ಧ ಮುಗಿಯುವ ಹೊತ್ತಿಗೆ ಜಗತ್ತಿನ ಪರದೆ ಹಾಲಿವುಡ್ಡಿನ ಪಾಲಾಗಿತ್ತು. ಸೋಲುವ ಆಟವನ್ನು ಚಾರ್ಲ್ಸ್ ಮುಂದುವರಿಸಲಿಲ್ಲ. ಗಾಳಿ ಬಂದಾಗ ತೂರಿಕೊಂಡಿದ್ದವರು, ಗಾಳಿ ನಿಂತಾಗ ಮೊರ ಕೆಳಗಿಟ್ಟರು. ವಿದೇಶದ ಶಾಖೆಗಳನ್ನು ಒಂದೊಂದಾಗಿ ಮಾರಿದರು. 1922ರಲ್ಲಿ ಮನೆಯಲ್ಲೇ ಚಿತ್ರ ನೋಡುವ ಪಾಥೆ ಬೇಬಿ ಎಂಬ ಪುಟ್ಟ ಪ್ರೊಜೆಕ್ಟರ್ ತಂದರು. ಫಿಲ್ಮ್ ತಯಾರಿಸುವ ಕಾರ್ಖಾನೆ 1927ರಲ್ಲಿ ಕೊಡಾಕ್ ಜೊತೆ ಸೇರಿಹೋಯಿತು.

1929ರಲ್ಲಿ ಕಂಪನಿಯ ಆಡಳಿತ ಬರ್ನಾರ್ಡ್ ನಾಟಾನ್ ಎಂಬ ಯಹೂದಿ ನಿರ್ಮಾಪಕರ ಕೈಗೆ ಬಂತು. ಅವರು ಮಾತಿನ ಚಿತ್ರಗಳನ್ನು ಮಾಡಿದರು, ಹೊಸ ಚಿತ್ರಮಂದಿರಗಳನ್ನು ಕೊಂಡರು. ಆದರೆ 1936ರಲ್ಲಿ ಕಂಪನಿ ದಿವಾಳಿಯಾಯಿತು. ವಂಚನೆಯ ಆರೋಪದ ಮೇಲೆ ನಾಟಾನ್ ಸೆರೆಮನೆಗೆ ಹೋದರು. 1942ರಲ್ಲಿ ಅವರನ್ನು ನಾಜಿಗಳಿಗೆ ಒಪ್ಪಿಸಲಾಯಿತು. ಆಷ್‌ವಿಟ್ಸ್‌ಗೆ ಹೋದ ಅವರು ಮತ್ತೆ ಬರಲಿಲ್ಲ. ಬಹುಕಾಲ ಮೋಸಗಾರರೆಂದೇ ಹೆಸರಾಗಿದ್ದ ಅವರು ಫ್ರೆಂಚ್ ಸಿನಿಮಾಕ್ಕೆ ಕೊಟ್ಟದ್ದನ್ನು ಈಚಿನ ಸಂಶೋಧಕರು ಎತ್ತಿ ಹೇಳಿದ್ದಾರೆ.

ಚಾರ್ಲ್ಸ್ ಪಾಥೆ ತಮ್ಮ ಕೊನೆಗಾಲವನ್ನು ಮೊನಾಕೋದಲ್ಲಿ ನೆಮ್ಮದಿಯಿಂದ ಕಳೆದರು. 1957ರ ಡಿಸೆಂಬರ್ 25ರಂದು, ತೊಂಬತ್ತನಾಲ್ಕು ತುಂಬಲು ಒಂದೇ ದಿನ ಬಾಕಿಯಿರುವಾಗ, ತೀರಿಕೊಂಡರು.

ಅವರು ಹಚ್ಚಿದ ದೀಪ ಮಾತ್ರ ಆರಿಲ್ಲ. ಭಾರತದ ಕಥೆಯ ಸ್ಲಂಡಾಗ್ ಮಿಲಿಯನೇರ್ ಚಿತ್ರವನ್ನು ಬ್ರಿಟನ್ನಿನಲ್ಲಿ ಹಂಚಿದ್ದು ಪಾಥೆ. 2022ರಲ್ಲಿ ಅತ್ಯುತ್ತಮ ಚಿತ್ರಕ್ಕೆ ಆಸ್ಕರ್ ಪಡೆದ ಕೋಡಾ ಚಿತ್ರದ ತಯಾರಿಕೆಯಲ್ಲೂ ಪಾಥೆ ಇತ್ತು. ಪಾಥೆ 1908ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಆರಂಭಿಸಿದ ವಾರ್ತಾಚಿತ್ರಗಳು 1910ರಲ್ಲಿ ಬ್ರಿಟನ್ನಿಗೆ ಬಂದವು. ಈಗ ಪ್ರತ್ಯೇಕ ಸಂಸ್ಥೆಯಾಗಿರುವ ಬ್ರಿಟಿಷ್ ಪಾಥೆ 2014ರಲ್ಲಿ ತನ್ನ ಸುಮಾರು 85,000 ಚಿತ್ರಗಳನ್ನು ಯೂಟ್ಯೂಬಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಮಕ್ಕಳೇ, ಅಲ್ಲಿ ಗಾಂಧೀಜಿ ನಡೆಯುವುದನ್ನು ನೀವೇ ನೋಡಬಹುದು. ನೋಡುವಾಗ, ಸಾಲ ಮಾಡಿ ಜಾತ್ರೆಗೆ ಪೆಟ್ಟಿಗೆ ಹೊತ್ತ ಆ ಗಂಡಹೆಂಡಿರನ್ನೂ ರೈಲು ನಿಲ್ದಾಣದಲ್ಲಿ ಆಟಿಕೆ ಮಾರಿದ ಆ ಕಲಾವಿದರನ್ನೂ ಒಟ್ಟಿಗೇ ನೆನೆಯಿರಿ.