ವೈದ್ಯರೂ ರೋಗಿಯೂ ಆಗಿದ್ದ ಡಾಕ್ಟರ್ ಲಾರೆನ್ಸ್



ನನ್ನ ತರಗತಿಯ ಒಂದು ಮಗುವು ಪಾಠದ ನಡುವೆ ಮೇಲಿಂದ ಮೇಲೆ ನೀರು ಕುಡಿಯಲು ಹೊರಗೆ ಹೋಗಲು ಅಪ್ಪಣೆ ಬೇಡುತ್ತಿತ್ತು. ಪಾಠ ತಪ್ಪಿಸುವ ಉಪಾಯವೆಂದು ಬಗೆದು ನಾನು ಎರಡು ಸಲ ಗದರಿಸಿದೆನು. ಕೆಲವು ವಾರಗಳ ತರುವಾಯ ಆ ಮಗುವಿಗೆ ಮಧುಮೇಹವಿರುವುದು ತಿಳಿದುಬಂದಿತು. ನಾಚಿಕೆಗೊಂಡು ಆ ರೋಗದ ವಿಷಯವಾಗಿ ಓದತೊಡಗಿದಾಗ ನನಗೆ ದೊರೆತ ಚರಿತ್ರೆಯಿದು.

ರಾಬರ್ಟ್ ಡೇನಿಯಲ್ ಲಾರೆನ್ಸ್ ಅವರು 1892ನೆಯ ಇಸವಿ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಆಬರ್ಡೀನ್ ನಗರದಲ್ಲಿ ಜನಿಸಿದರು. ಮೊದಲು ಸಾಹಿತ್ಯ ವಿಷಯಗಳಲ್ಲಿ ಪದವಿ ಪಡೆದು, ಕೆಲಕಾಲ ಸಂಬಂಧಿಕರ ಬಟ್ಟೆಯ ಅಂಗಡಿಯಲ್ಲಿ ದುಡಿದು, ಅದು ಹಿಡಿಸದೆ ವೈದ್ಯಶಾಸ್ತ್ರಕ್ಕೆ ತಿರುಗಿದರು. 1916ರಲ್ಲಿ ವೈದ್ಯರಾಗಿ ಸೈನ್ಯದ ವೈದ್ಯದಳವನ್ನು ಸೇರಿದರು. ನಮ್ಮ ದೇಶದ ಗಡಿಯಲ್ಲಿಯೂ ಸೇವೆ ಸಲ್ಲಿಸಿ, ಆಮಶಂಕೆಗೆ ತುತ್ತಾಗಿ ಊರಿಗೆ ಮರಳಿದರು. ಬಳಿಕ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗುವ ಹಂಬಲದಿಂದ ದುಡಿಯುತ್ತಿದ್ದರು.

1920ರಲ್ಲಿ ಒಂದು ದಿನ ಕಿವಿಯ ಹಿಂಭಾಗದ ಎಲುಬಿನ ಶಸ್ತ್ರಕ್ರಿಯೆಯನ್ನು ಶವದ ಮೇಲೆ ಅಭ್ಯಾಸ ಮಾಡುತ್ತಿರುವಾಗ ಎಲುಬಿನ ಚೂರೊಂದು ಸಿಡಿದು ಅವರ ಕಣ್ಣಿಗೆ ಬಿದ್ದಿತು. ಕಣ್ಣು ಕೀವುಗಟ್ಟಿತು. ಅದರ ಚಿಕಿತ್ಸೆಯ ಕಾಲದಲ್ಲಿ ಅವರ ಮೂತ್ರದಲ್ಲಿ ಸಕ್ಕರೆ ಕಂಡಿತು. ಶಸ್ತ್ರವೈದ್ಯದ ಆಸೆ ಅಲ್ಲಿಗೇ ಮುಗಿಯಿತು. ಜೀವದ ಆಸೆಯೂ ಮುಗಿದಂತೆಯೇ.

ಏಕೆಂದರೆ ಆಗ ಈ ರೋಗಕ್ಕೆ ಮದ್ದಿರಲಿಲ್ಲ. ಉಂಡ ಅನ್ನ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಅದನ್ನು ಜೀವಕೋಶಗಳೊಳಕ್ಕೆ ಬಿಡುವ ಕೀಲಿಕೈಯೆಂದರೆ ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್. ಎಳೆಯರಿಗೂ ತರುಣರಿಗೂ ಹೆಚ್ಚಾಗಿ ಬರುವ ಒಂದನೆಯ ಬಗೆಯ ಮಧುಮೇಹದಲ್ಲಿ ದೇಹದ ರಕ್ಷಣಾಶಕ್ತಿಯೇ ಭ್ರಮಿಸಿ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ನಾಶಮಾಡುತ್ತದೆ. ಸಕ್ಕರೆ ಮೂತ್ರದಲ್ಲಿ ಹರಿದುಹೋಗುತ್ತದೆ, ಬಾಯಾರಿಕೆ ತೀರದು, ಮೈ ಸೊರಗುತ್ತದೆ. ಮಿಠಾಯಿ ತಿಂದುದರಿಂದ ಇದು ಬಂದಿತೆಂದು ನಿಮ್ಮಲ್ಲಿ ಕೆಲವರು ಹೇಳುತ್ತಿದ್ದುದನ್ನು ಕೇಳಿದ್ದೇನೆ, ಅದು ತಪ್ಪು. ಜೊತೆಯಲ್ಲಿ ಕುಳಿತು ಉಂಡರೆ ಅಂಟುವ ರೋಗವೂ ಇದಲ್ಲ.

ಅಂದಿನ ಚಿಕಿತ್ಸೆಯೆಂದರೆ ಅರೆಹೊಟ್ಟೆ. ಉಪವಾಸ ಸಾವನ್ನು ಮುಂದೂಡುತ್ತಿತ್ತು, ತಡೆಯುತ್ತಿರಲಿಲ್ಲ. ಲಾರೆನ್ಸರು ಪ್ರಯೋಗಶಾಲೆಯಲ್ಲಿ ಹ್ಯಾರಿಸನ್ ಎಂಬವರ ಕೈಕೆಳಗೆ ತಮ್ಮ ರೋಗವನ್ನೇ ಅಭ್ಯಸಿಸಿದರು. ಆಮೇಲೆ, ಮನೆಯವರ ಕಣ್ಣೆದುರಿಗೆ ಸಾಯಲೊಲ್ಲದೆ, ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋಗಿ ಚಿಕ್ಕದೊಂದು ವೈದ್ಯವೃತ್ತಿ ಹೂಡಿದರು. ಸಾಯಲೆಂದೇ ಹೋದವರು ಅಲ್ಲಿಯೂ ಪರರ ನಾಡಿ ಹಿಡಿಯುತ್ತಿದ್ದರೆಂಬುದು ನನಗೆ ಇಡೀ ಚರಿತ್ರೆಯಲ್ಲಿ ಅತ್ಯಂತ ಹಿಡಿಸಿದ ಸಂಗತಿ.

ಅತ್ತ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು 1921ರಲ್ಲಿ ಇನ್ಸುಲಿನ್ ತೆಗೆದಿದ್ದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನಿಗೆ ಮೊದಲ ಚುಚ್ಚುಮದ್ದು ಬಿದ್ದಿತು. 1923ರ ಮೇ ತಿಂಗಳಲ್ಲಿ, ಮದ್ದು ಫಲಿಸುತ್ತಿದೆ, ಕೂಡಲೇ ಬರಬೇಕೆಂದು ಹ್ಯಾರಿಸನ್ನರು ಸುದ್ದಿ ಕಳುಹಿದರು. ಕೃಶರಾಗಿದ್ದ ಲಾರೆನ್ಸರು ಮೋಟಾರು ನಡೆಸಿಕೊಂಡು ದೇಶದೇಶ ದಾಟಿ ಲಂಡನ್ ಸೇರಿದರು. ಮೇ 31ರಂದು ಮೊದಲ ಇನ್ಸುಲಿನ್ ತೆಗೆದುಕೊಂಡರು.

ಅಂದಿನಿಂದ ಚುಚ್ಚುಮದ್ದು ನಿತ್ಯವಿಧಿಯಾಯಿತು. ಮದ್ದು ಹೆಚ್ಚಾದರೆ ಅಥವಾ ಊಟ ತಡವಾದರೆ ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ಮಂಕು ಕವಿಯುವುದೂ ಉಂಟು. ಆಗ ಸಕ್ಕರೆಯೇ ಔಷಧ. ನಮ್ಮ ಆ ಮಗುವಿನ ಚೀಲದಲ್ಲಿಯೂ ಈಗ ಗ್ಲೂಕೋಸಿನ ಪೊಟ್ಟಣವಿದೆ. ಪಾಠದ ನಡುವೆ ಅದನ್ನು ತೆರೆದರೆ ನಾನು ಪಾಠ ನಿಲ್ಲಿಸುವುದಿಲ್ಲ.

ಕಿಂಗ್ಸ್ ಕಾಲೇಜಿನ ಮಧುಮೇಹ ವಿಭಾಗವನ್ನು ಲಾರೆನ್ಸರು ಹೆಸರುವಾಸಿ ಮಾಡಿದರು. ಊಟವನ್ನು ತೂಗುವುದನ್ನೂ ತಾವೇ ಚುಚ್ಚಿಕೊಳ್ಳುವುದನ್ನೂ ರೋಗಿಗಳಿಗೆ ಕಲಿಸಿದರು. 1925ರಲ್ಲಿ ಅವರಿಗಾಗಿಯೂ ಪುಸ್ತಕ ಬರೆದರು. 1934ರಲ್ಲಿ, ತಮ್ಮ ರೋಗಿಯಾಗಿದ್ದ ಪ್ರಸಿದ್ಧ ಕಾದಂಬರಿಕಾರ ಎಚ್. ಜಿ. ವೆಲ್ಸ್ ಅವರೊಡಗೂಡಿ ಮಧುಮೇಹಿಗಳ ಸಂಘವನ್ನು ಸ್ಥಾಪಿಸಿದರು. 1950ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟದ ಮೊದಲ ಅಧ್ಯಕ್ಷರಾದರು. ನಡುವೆ ಮದುವೆಯಾಗಿ ಮೂವರು ಗಂಡುಮಕ್ಕಳ ತಂದೆಯೂ ಆದರು.

1968ನೆಯ ಇಸವಿ ಆಗಸ್ಟ್ 27ರಂದು ಅವರು ತೀರಿಕೊಂಡಾಗ ವಯಸ್ಸು ಎಪ್ಪತ್ತೈದು. ಫ್ಲಾರೆನ್ಸನ್ನು ಬಿಟ್ಟು ಹೊರಟು ನಲವತ್ತೈದು ವರ್ಷಗಳಾಗಿದ್ದವು.