ಹಂಗಳದ ಸೆರೆಯಿಂದ ಸಿಟಿ ಮಾರ್ಕೆಟ್‌ವರೆಗೆ

ಊಟಿ ಟ್ರಿಪ್ಪಿಗೆ ಹೊರಟಾಗ ಗುಂಡ್ಲುಪೇಟೆ ದಾಟಿದ ಮೇಲೆ ಸಿಗುವ ಹಂಗಳವನ್ನು ನಾವ್ಯಾರೂ ಸರಿಯಾಗಿ ನೋಡೋದೇ ಇಲ್ಲ. ರಾತ್ರಿ 9ಕ್ಕೆ ಬಂಡೀಪುರದ ಗೇಟು ಬೀಳುತ್ತೆ, ಅಷ್ಟರೊಳಗೆ ಕಾಡು ದಾಟಬೇಕು ಅನ್ನೋ ಅವಸರ. ಆದರೆ ಬೆಂಗಳೂರನ್ನು ಮೈಸೂರಿಗೆ ಸೇರಿಸಿದ ದೊರೆ ಪಟ್ಟಕ್ಕೆ ಬರುವ ಮೊದಲು ಇದೇ ಊರಲ್ಲಿ ಸೆರೆಯಲ್ಲಿದ್ದ.

ಚಿಕ್ಕದೇವರಾಜ ಒಡೆಯರ್ ಹುಟ್ಟಿದ್ದು 1645ರಲ್ಲಿ. 1659ರಲ್ಲಿ ಸಿಂಹಾಸನ ಚಿಕ್ಕಪ್ಪನ ಪಾಲಾಯ್ತು. ಹಕ್ಕು ಕೇಳಬಹುದಾದ ಹುಡುಗ ಹಂಗಳ ಸೇರಿದ. ಜೊತೆಗಿದ್ದವನು ಯಳಂದೂರಿನ ಜೈನ ಗೆಳೆಯ ವಿಶಾಲಾಕ್ಷ ಪಂಡಿತ. ತಂದೆ ತೀರಿಕೊಂಡದ್ದು ಗುಂಡ್ಲುಪೇಟೆಯಲ್ಲೇ. ಅವರ ನೆನಪಿಗೆ ಅಲ್ಲಿ ಮಗ ಮುಂದೆ ಪರವಾಸುದೇವ ದೇವಸ್ಥಾನ ಕಟ್ಟಿಸಿದ.

1673ರಲ್ಲಿ ಕೊನೆಗೂ ಪಟ್ಟ ಸಿಕ್ಕಿತು, ಪಂಡಿತ ಮಂತ್ರಿಯಾದ. ಆಡಳಿತವನ್ನು 18 ಇಲಾಖೆ ಮಾಡಿ 'ಅಠಾರಾ ಕಚೇರಿ' ನಡೆಸಿದ್ದು, ಅಂಚೆ ಶುರು ಮಾಡಿದ್ದು ಈ ದೊರೆಯೇ. ಅಂಚೆಯವರು ಓಲೆ ತಲುಪಿಸುವುದರ ಜೊತೆಗೆ ಊರೂರಿನ ಗುಟ್ಟನ್ನೂ ಅರಮನೆಗೆ ಮುಟ್ಟಿಸಬೇಕಿತ್ತು. ನೆಟ್‌ವರ್ಕ್ ಹಾಕಿದವನೇ ಕದ್ದು ಕೇಳೋದು ಹೊಸದೇನಲ್ಲ ಬಿಡಿ!

ಖಜಾನೆ ತುಂಬಿ 'ನವಕೋಟಿ ನಾರಾಯಣ' ಅನ್ನೋ ಹೆಸರು ಬಂತು. ತುಂಬಿದ್ದು ರೈತರ ದುಡ್ಡು. ತೆರಿಗೆ ತಾಳಲಾರದೆ ಅವರು ಊರಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗು ನೇತುಹಾಕಿ ಉಳುಮೆ ನಿಲ್ಲಿಸಿದರಂತೆ. ನಂಜನಗೂಡಿಗೆ ಕರೆಸಿ ಜಂಗಮರನ್ನು ಕೊಲ್ಲಿಸಿದ ಕತೆಯನ್ನೂ ಬ್ರಿಟಿಷ್ ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಅದೆಷ್ಟು ನಿಜ ಅನ್ನೋ ವಾದ ಇನ್ನೂ ಇದೆ. ವಿಶಾಲಾಕ್ಷ ಪಂಡಿತನಂತೂ 1686ರಲ್ಲಿ ಕೊಲೆಯಾದ. ಹಂಗಳದ ಕಷ್ಟದಲ್ಲಿ ಜೊತೆಗಿದ್ದವನು ಹೀಗೆ ಹೋದ. ಇದೇ ಆಸ್ಥಾನದಲ್ಲಿ ಸಂಚಿ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಳು ಅನ್ನೋದನ್ನೂ ಮರೆಯೋ ಹಾಗಿಲ್ಲ.

1687ರಲ್ಲಿ ಮೊಘಲ್ ಸೇನಾನಿ ಕಾಸಿಂ ಖಾನ್ ಬೆಂಗಳೂರನ್ನು ಹಿಡಿದ. ಅವನಿಂದ ಚಿಕ್ಕದೇವರಾಜ ಊರನ್ನು ಪಡೆದದ್ದು 3 ಲಕ್ಷ ರೂಪಾಯಿಗೆ. ಪ್ರಾಜೆಕ್ಟಿನ ಸಾಮಾನಿಗೆ ಎಸ್‌ಪಿ ರೋಡು, ಹಳೇ ಪುಸ್ತಕಕ್ಕೆ ಅವೆನ್ಯೂ ರೋಡು ಅಂತ ನಾವು ಅಲೆಯುವ ಪೇಟೆಯೆಲ್ಲ ಆ ವ್ಯಾಪಾರದಲ್ಲಿ ಬಂದದ್ದೇ. ಸಿಟಿ ಮಾರ್ಕೆಟ್ ಬಸ್‌ ಸ್ಟ್ಯಾಂಡಿನ ಹತ್ತಿರ, ಟಿಪ್ಪುವಿನ ಅರಮನೆಯ ಪಕ್ಕ ಇರುವ ಕೋಟೆ ವೆಂಕಟರಮಣ ದೇವಸ್ಥಾನ ಇವನು ಕಟ್ಟಿಸಿದ್ದು. ದೊರೆ ತೀರಿಕೊಂಡದ್ದು 1704ರಲ್ಲಿ. ಈಗಿನ ಮಾರ್ಕೆಟ್ ಕಟ್ಟಡ ಆಮೇಲಿನದು.

ಅಲ್ಲಿಗೆ ಹಗಲು ಹೋಗಿ ಪ್ರಯೋಜನವಿಲ್ಲ. ಉಳಿದ ಪೇಟೆ ಮಲಗಿದ ಮೇಲೆ ಹೂವು ತರಕಾರಿಯ ಲಾರಿಗಳು ಬಂದು ನಿಲ್ಲುತ್ತವೆ. ಹಮಾಲಿಗಳ ಕೂಗು, ಸೇವಂತಿಗೆಯ ರಾಶಿ, ಕಾಲಡಿಯಲ್ಲಿ ಕೆಸರು. ತಳ್ಳುಗಾಡಿಯಲ್ಲಿ ಹಬೆಯಾಡುವ ಇಡ್ಲಿ, ಸೈಕಲ್ ಮೇಲೆ ಫ್ಲಾಸ್ಕಿನ ಟೀ. ರಾತ್ರಿಯೆಲ್ಲ ಮೂಟೆ ಹೊತ್ತವರ ಮಧ್ಯೆ ನಿಂತು ತಿನ್ನುವಾಗ ಚಟ್ನಿ ಖಾರ ಜಾಸ್ತಿ ಅಂತ ಗೊಣಗಬೇಡಿ. ಮೊದಲ ಮೆಟ್ರೋಗೆ ಇನ್ನೂ ಹೊತ್ತಿದ್ದರೆ ಇನ್ನೊಂದು ಟೀ ಹೇಳಿ.